ಮೂರು ಕುದುರೆ ಎಳೆಯುವ ಟ್ರಕ್ಕು

ನಾನು ಟ್ರಕ್ಕು ಆರಿಸುವ ಕೆಲಸಕ್ಕೆ ಸಿಕ್ಕಿಬಿದ್ದದ್ದು ನನ್ನ ಗಂಡನ ಆಫೀಸು ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್‌ನಲ್ಲಿದೆ ಎಂಬ ಒಂದೇ ಕಾರಣಕ್ಕೆ. ಪ್ಲಿಮತ್ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಂಪನಿಗಳೇ ತುಂಬಿವೆ. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಎಂಜಿನ್ನಿನ ಒಳಗುಟ್ಟು ಗೊತ್ತಿರುತ್ತದೆ ಎಂದು ಹೊರಗಿನವರು ನಂಬಿಕೊಂಡಿದ್ದಾರೆ. ನನ್ನ ಗಂಡ ಹದಿನಾಲ್ಕು ವರ್ಷದಿಂದ ಮಾಡುತ್ತಿರುವುದು ಸೀಟನ್ನು ಹಿಂದೆ ಮುಂದೆ ಜರುಗಿಸುವ ಸ್ವಿಚ್ಚಿನ ಸಾಫ್ಟ್‌ವೇರ್. ಬಾನೆಟ್ ತೆಗೆದರೆ ಅವರು ನನಗಿಂತ ಹೆಚ್ಚು ಗಾಬರಿಯಾಗುತ್ತಾರೆ.

ನಾನು ಫಿಸಿಯೋಥೆರಪಿಸ್ಟ್. ವಾರದ ದಿನಗಳಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಶನಿವಾರಗಳಲ್ಲಿ ನಾರ್ತ್‌ವಿಲ್ ದಾಟಿ ಹತ್ತು ಮೈಲಿ ಆಚೆ ಇರುವ ಒಂದು ಕುದುರೆ ಲಾಯಕ್ಕೆ ಹೋಗುತ್ತೇನೆ. ನಡೆಯಲು ಕಷ್ಟಪಡುವವರನ್ನು, ಪಾರ್ಶ್ವವಾಯು ಹೊಡೆದವರನ್ನು ಅಲ್ಲಿ ಸಾಧು ಕುದುರೆಗಳ ಮೇಲೆ ಕೂರಿಸಿ ನಿಧಾನವಾಗಿ ನಡೆಸುತ್ತಾರೆ. ಅದೂ ಒಂದು ಚಿಕಿತ್ಸೆ. ಅಲ್ಲಿ ಸಂಬಳವಿಲ್ಲ, ಲದ್ದಿ ಬಾಚುವುದೂ ನನ್ನ ಪಾಲಿನ ಕೆಲಸವೇ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಎರಡು ಸಂಗತಿಗಳು ಒಟ್ಟಿಗೆ ನಡೆದವು. ವಯಸ್ಸಾಗಿ ಸವಾರಿ ಬಿಟ್ಟ ಒಬ್ಬ ಮಹನೀಯರು ಮೂರು ಕುದುರೆ ಹಿಡಿಸುವ ಟ್ರೇಲರನ್ನು ನಮ್ಮ ಕೇಂದ್ರಕ್ಕೆ ದಾನ ಕೊಟ್ಟರು. ಅದರ ಮುಂಭಾಗ ಬಾತುಕೋಳಿಯ ಕತ್ತಿನಂತೆ ಬಾಗಿ, ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯ ನಡುವೆ ಕೂರುವ ಜಾತಿಯದು. ಮತ್ತೊಂದು, ಚಿಕಾಗೋದ ಪಶ್ಚಿಮಕ್ಕಿರುವ ಒಂದು ಫಾರಂ ಮುಚ್ಚುತ್ತಿತ್ತು. ಜೂನ್ ಮುಗಿಯುವುದರೊಳಗೆ ಬಂದು ಒಯ್ಯುವುದಾದರೆ ಎರಡು ಕುದುರೆಗಳನ್ನು ಕೊಡುತ್ತೇವೆ, ಎರಡೂ ಮಕ್ಕಳನ್ನು ಹೊತ್ತು ಅಭ್ಯಾಸವಿರುವಂಥವು ಎಂದರು. ಟ್ರೇಲರ್ ಇದೆ, ಕುದುರೆಗಳಿವೆ. ಎಳೆಯಲು ತಾಕತ್ತಿರುವ ಟ್ರಕ್ಕು ಇಲ್ಲ. ನಮ್ಮ ಹಳೆಯ ಪಿಕಪ್ಪು ಹುಲ್ಲಿನ ಪೆಂಡಿ ತರುವುದಕ್ಕೇ ಏದುಸಿರು ಬಿಡುತ್ತಿತ್ತು.

ಕೇಂದ್ರದ ಕಮಿಟಿ ಮೀಟಿಂಗಿನಲ್ಲಿ ಡೈರೆಕ್ಟರ್ ನನ್ನ ಕಡೆ ತಿರುಗಿದರು. ಅರವತ್ತು ದಾಟಿದ ಗಟ್ಟಿ ಹೆಂಗಸು ಆಕೆ. ಹುಟ್ಟಿದಾಗಿನಿಂದ ಕುದುರೆಗಳ ನಡುವೆ ಬೆಳೆದವರು.

"ನಿಮ್ಮ ಗಂಡ ಆಟೊಮೋಟಿವ್‌ನಲ್ಲಿ ಇದಾರಲ್ವಾ? ಗ್ಯಾಸೋ ಡೀಸೆಲ್ಲೋ ನೀವೇ ನೋಡಿ ಹೇಳಿ. ನನಗೆ ಕುದುರೆ ಗೊತ್ತು, ಎಂಜಿನ್ ಗೊತ್ತಿಲ್ಲ" ಎಂದರು ಇಂಗ್ಲಿಷಿನಲ್ಲಿ.

ಸೀಟಿನ ಸ್ವಿಚ್ಚಿನ ವಿಷಯ ನಾನು ಎತ್ತಲಿಲ್ಲ. ಎಂಜಿನ್ ತಿಳಿದವರೊಬ್ಬರು ಆಗ ನಮ್ಮ ಮನೆಯಲ್ಲೇ ಇದ್ದರು.

ಅಪ್ಪ ಏಪ್ರಿಲ್ ಮೊದಲ ವಾರ ಮೈಸೂರಿನಿಂದ ಬಂದಿದ್ದರು, ಆರು ತಿಂಗಳಿಗೆಂದು. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ ಡಿಪೋದಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದವರು. ಅವರ ಬಲಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಅರ್ಧ ಕಪ್ಪು. ನಮ್ಮ ಬಡಾವಣೆಯಲ್ಲಿ ನಡೆದುಕೊಂಡು ಹೋಗುವಂಥ ಅಂಗಡಿಯಾಗಲಿ ದೇವಸ್ಥಾನವಾಗಲಿ ಇಲ್ಲ. ಅಪ್ಪ ಕಿಟಕಿಯ ಪಕ್ಕ ಕೂತು ರಸ್ತೆಯ ಸದ್ದು ಕೇಳುತ್ತಾ ಹೊತ್ತು ಕಳೆಯುತ್ತಿದ್ದರು. ಎದುರು ಮನೆಯವರ ಎಲೆಕ್ಟ್ರಿಕ್ ಕಾರು ಸದ್ದಿಲ್ಲದೆ ಹೋದಾಗಲೆಲ್ಲ ಅವರಿಗೆ ಏನೋ ಮೋಸವಾದಂತೆ ಅನ್ನಿಸುತ್ತಿತ್ತು.

ನಾನು ಮೀಟಿಂಗಿನಿಂದ ಬಂದು ವಿಷಯ ಹೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಗ್ಯಾಸ್ ಅಂದ್ರೆ? ಸಿಲಿಂಡರ್ ಇಟ್ಟು ಓಡಿಸ್ತಾರಾ ಟ್ರಕ್ಕು?"

"ಇಲ್ಲಪ್ಪ. ಇಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನೋದು."

"ಪೆಟ್ರೋಲಲ್ಲಿ ಭಾರ ಎಳೀತಾರಾ?" ಅಪ್ಪ ನಕ್ಕೇಬಿಟ್ಟರು. "ಸ್ಕೂಟರಿಗೆ ಹಾಕೋದಮ್ಮ ಪೆಟ್ರೋಲು. ಯೋಚನೆ ಮಾಡೋಕೇ ಏನಿದೆ? ಡೀಸೆಲ್ಲು."

ಎರಡಕ್ಕೂ ಇರುವ ವ್ಯತ್ಯಾಸವಾದರೂ ಏನು ಎಂದು ನಾನು ಕೇಳಿದೆ. ಮೆಕ್ಯಾನಿಕ್ಕಿನ ಮಗಳಾಗಿದ್ದರೂ ನಲವತ್ತೇಳು ವರ್ಷದಲ್ಲಿ ಆ ಪ್ರಶ್ನೆ ನನ್ನ ಬಾಯಿಗೆ ಬಂದಿರಲಿಲ್ಲ. ಅಪ್ಪ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಸೈಕಲ್ ಪಂಪು ಹುಡುಕಿ ತೆಗೆದು, ಗಾಳಿ ಹೋಗುವ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿದರು.

"ಹೊಡಿ. ಜೋರಾಗಿ ಹೊಡಿ."

ಇಪ್ಪತ್ತು ಸಲ ಒತ್ತಿದೆ. ಅಪ್ಪ ಪಂಪಿನ ಬುಡ ಮುಟ್ಟಿ ನೋಡು ಎಂದರು. ಬೆಚ್ಚಗಾಗಿತ್ತು, ಬಿಸಿ ಎನ್ನುವಷ್ಟು.

"ಇಷ್ಟೇ ಡೀಸೆಲ್ಲು. ಗಾಳೀನ ಹಿಂಡಿದ್ರೆ ಕಾಯುತ್ತೆ. ಅದು ಕೆಂಡದ ಹಾಗೆ ಕಾಯೋವರೆಗೂ ಹಿಂಡಬೇಕು, ಆಮೇಲೆ ಎಣ್ಣೆ ಚಿಮ್ಮಿಸಬೇಕು. ಕಿಡಿ ಬೇಡ, ಏನೂ ಬೇಡ, ಅದೇ ಹತ್ಕೊಳ್ಳುತ್ತೆ. ಪೆಟ್ರೋಲಿಗೆ ಹೊರಗಿಂದ ಕಿಡಿ ಹೊತ್ತಿಸಬೇಕು. ಅಷ್ಟು ಜೋರಾಗಿ ಹಿಂಡೋ ಎಂಜಿನ್ನು ಗಟ್ಟಿ ಇರಬೇಕಲ್ವಾ? ಅದಕ್ಕೇ ಡೀಸೆಲ್ ಎಂಜಿನ್ನು ತೂಕ. ಅದಕ್ಕೇ ನಿಧಾನಕ್ಕೆ ತಿರುಗಿದ್ರೂ ಭಾರ ಎಳೆಯುತ್ತೆ."

ಬಿಸಿಯಾದ ಪಂಪನ್ನು ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಚಿಕ್ಕಂದಿನಲ್ಲಿ ನೂರು ಸಲ ಸೈಕಲ್ಲಿಗೆ ಗಾಳಿ ಹೊಡೆದಿದ್ದೇನೆ. ಕೈಗೆ ಬಿಸಿ ತಗುಲಿದ್ದು ನೆನಪಿದೆ, ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವತ್ತಿನಿಂದ ನನಗೆ ಈ ಟ್ರಕ್ಕಿನ ಹುಚ್ಚು ಹಿಡಿಯಿತು. ಪೇಶೆಂಟುಗಳ ನಡುವೆ ಹತ್ತು ನಿಮಿಷ ಬಿಡುವು ಸಿಕ್ಕರೆ ಟ್ರೇಲರ್ ಎಳೆಯುವವರು ಬರೆದದ್ದನ್ನು ಓದುತ್ತಿದ್ದೆ. ಅವರು ಎರಡು ಪಂಗಡವಾಗಿ ಜಗಳವಾಡುತ್ತಿದ್ದರು. ಓದಿದಷ್ಟೂ ಎರಡೂ ಸರಿ ಅನ್ನಿಸುತ್ತಿತ್ತು.

ನೋವೈನಲ್ಲಿ ನಮಗೆ ಪರಿಚಯದ ಧಾರವಾಡದವರೊಬ್ಬರಿದ್ದಾರೆ. ಅವರ ಹತ್ತಿರ ಡೀಸೆಲ್ ಪಿಕಪ್ ಇತ್ತು. ರಜೆ ಬಂದರೆ ಚಕ್ರದ ಮೇಲಿನ ಮನೆಯಂಥ ದೊಡ್ಡ ಕ್ಯಾಂಪರ್ ಎಳೆದುಕೊಂಡು ಸಂಸಾರ ಸಮೇತ ಹೊರಡುತ್ತಿದ್ದರು. ಫೋನ್ ಮಾಡಿದೆ.

"ಡೀಸೆಲ್ ಬಿಟ್ಟು ಬ್ಯಾರೆ ವಿಚಾರನ ಮಾಡಬ್ಯಾಡ್ರಿ ಅಕ್ಕಾರ" ಎಂದರು. "ಹ್ವಾದ ವರ್ಷ ಕ್ಯಾಂಪರ್ ಎಳಕೊಂಡು ಟೆನೆಸಿ ಗುಡ್ಡ ಹತ್ತೀನ್ರಿ. ಹಿಂದ ಏನರ ಐತೋ ಇಲ್ಲೋ ಅನ್ನೋದ ಗೊತ್ತಾಗಲಿಲ್ಲ. ಶನಿವಾರ ಬರ್ತೀನಿ, ನೀವ ಹೊಡದು ನೋಡ್ರಿ."

ಅವರು ಬಂದರು. ಟ್ರಕ್ಕು ನಮ್ಮ ಡ್ರೈವ್‌ವೇಯಲ್ಲಿ ಹಿಡಿಸದೆ ಅದರ ಹಿಂಭಾಗ ರಸ್ತೆಗೆ ಚಾಚಿಕೊಂಡಿತು. ಅಪ್ಪ ಕಣ್ಣುಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. ಆಮೇಲೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಡೀಸೆಲ್ ತುಂಬುವ ಮುಚ್ಚಳದ ಪಕ್ಕದಲ್ಲಿ ನೀಲಿ ಬಣ್ಣದ ಚಿಕ್ಕ ಮುಚ್ಚಳವೊಂದಿತ್ತು.

"ಇದೇನು?"

"ಅದಕ್ಕ ಯೂರಿಯಾ ನೀರು ಹಾಕಬೇಕ್ರಿ ಅಂಕಲ್."

"ಯೂರಿಯಾ? ಗದ್ದೆಗೆ ಹಾಕೋ ಯೂರಿಯಾನಾ?"

"ಹೌದ್ರಿ, ಅದ. ನೀರಿನ್ಯಾಗ ಕರಗಿಸಿದ್ದು, ಡಬ್ಬಿಯೊಳಗ ಬರ್ತೈತಿ. ಹೊಗಿ ಒಳಗಿನ ವಿಷ ತಗೀತೈತಿ. ಅದು ಖಾಲಿ ಆತಂದ್ರ ಗಾಡಿ ಓಡೂದಿಲ್ರಿ."

ಅಪ್ಪ ನನ್ನ ಕಡೆ ನೋಡಿದರು, ನಾವಿಬ್ಬರೂ ಸೇರಿ ತಮಾಷೆ ಮಾಡುತ್ತಿದ್ದೇವೋ ಎನ್ನುವಂತೆ. ಮುಂದಿನ ಬಂಪರ್ ಕೆಳಗೆ ಜೋತಾಡುತ್ತಿದ್ದ ಕರೆಂಟಿನ ಪ್ಲಗ್ಗೂ ಅವರ ಕಣ್ಣಿಗೆ ಬಿತ್ತು. ಜನವರಿಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಾಗ ಎಂಜಿನ್ನನ್ನು ಬೆಚ್ಚಗಿಡಲು ಮನೆಯ ಕರೆಂಟಿಗೆ ಸಿಕ್ಕಿಸಬೇಕು ಎಂದು ಧಾರವಾಡದವರು ವಿವರಿಸಿದರು. ಇದು ಫ್ಯಾರನ್‌ಹೀಟಿನ ಸೊನ್ನೆ, ಮೈಸೂರಿನವರು ಊಹಿಸಲಾಗದ ಚಳಿ ಎಂದು ನಾನು ಸೇರಿಸಿದೆ.

ನಾನು ಓಡಿಸಿದೆ. ಹೆದ್ದಾರಿಗೆ ಸೇರುವ ಏರಿನಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರೆ ಸಾಕು, ಯಾರೋ ಬೆನ್ನಿಗೆ ಅಂಗೈ ಇಟ್ಟು ನೂಕಿದಂತೆ ಮುಂದೆ ಹೋಗುತ್ತಿತ್ತು. ಎಂಜಿನ್ ದನಿ ಏರಿಸಲೇ ಇಲ್ಲ. ಅಪ್ಪನ ಮುಖದಲ್ಲಿ ಹೆಮ್ಮೆ, ಆ ಎಂಜಿನ್ ಅವರೇ ಕಟ್ಟಿದ್ದು ಎನ್ನುವ ಹಾಗೆ. ಎರಡು ಎಕ್ಸಿಟ್ ದಾಟುವಷ್ಟರಲ್ಲಿ ನನ್ನ ಮುಂದಿನ ಪರದೆಯಲ್ಲಿ ಒಂದು ಸೂಚನೆ ಮೂಡಿತು: ಹೊಗೆಯ ಫಿಲ್ಟರ್ ಸ್ವಚ್ಛವಾಗುತ್ತಿದೆ, ಓಡಿಸುತ್ತಲೇ ಇರಿ.

"ಇದೇನ್ರೀ?" ಎಂದೆ.

"ಅದೇನಿಲ್ರಿ. ಮಸಿ ತುಂಬಿರ್ತೈತಲ್ಲ, ತಾನ ಸುಟ್ಟು ಸ್ವಚ್ಛ ಮಾಡ್ಕೊಳ್ಳಾಕತ್ತೈತಿ. ಇನ್ನೊಂದ ಇಪ್ಪತ್ತ ಮಿನಿಟ್ ಹೈವೇ ಮ್ಯಾಲ ಹೊಡೀರಿ. ಈಗ ನಿಲ್ಲಸಬಾರದು."

"ನಿಲ್ಲಿಸಿದರೆ?"

"ಒಮ್ಮೆ ನಿಲ್ಲಿಸಿದ್ರ ಏನಾಗಂಗಿಲ್ಲ. ದಿನಾ ಹಂಗ ಮಾಡಿದ್ರ ಜಾಮ್ ಆಕ್ಕೈತಿ. ಆಮ್ಯಾಲ ವರ್ಕ್‌ಶಾಪಿಗೆ ಹೋಗೂದ ಗತಿ."

ಹೀಗಾಗಿ ನಾವು ಮೂವರೂ ಫಿಲ್ಟರ್ ಸ್ವಚ್ಛವಾಗಲೆಂದು ಆನ್ ಆರ್ಬರ್‌ವರೆಗೆ ಹೋಗಿ ಬಂದೆವು. ಅಪ್ಪ ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ದಿನಕ್ಕೊಮ್ಮೆ? ಮಸಿ ಎಲ್ಲಿ ನಿಲ್ಲುತ್ತದೆ? ಸುಡಲು ಎಣ್ಣೆ ಎಲ್ಲಿಂದ ಬರುತ್ತದೆ? ಮನೆಗೆ ಬಂದ ಮೇಲೆ ಟ್ರಕ್ಕಿನ ಪಕ್ಕ ಅಂಗಾತ ಮಲಗಿ ಕೆಳಗೆ ತೂರಿ ನೋಡಿದರು. ಎಪ್ಪತ್ತಮೂರು ವರ್ಷದ ಮಾವ ಡ್ರೈವ್‌ವೇಯಲ್ಲಿ ಮಲಗಿದ್ದು ಕಂಡು ನನ್ನ ಗಂಡ ಓಡಿ ಬಂದರು.

"ಮಾವ, ಏನಾಯ್ತು?"

"ಏನಿಲ್ಲ, ನೀವೂ ಬನ್ನಿ. ಇಲ್ಲಿ ನೋಡಿ, ಸೈಲೆನ್ಸರ್ ಇರೋ ಜಾಗದಲ್ಲಿ ಒಂದು ಕಾರ್ಖಾನೆನೇ ಇಟ್ಟಿದಾರೆ."

ಗಂಡ ಬಗ್ಗಿ ನೋಡಿ, ಏನೂ ಅರ್ಥವಾಗದೆ, "ಹೌದು ಮಾವ" ಎಂದು ಒಳಗೆ ಹೋದರು.

ಮರುವಾರ ಲಾಯಕ್ಕೆ ಹೋದಾಗ ನನಗೊಂದು ಯೋಚನೆ ಬಂತು. ಜೀನುಗಳನ್ನು ತೂಗುಹಾಕುವ ಕೋಣೆಯಲ್ಲಿ ಡೈರೆಕ್ಟರ್ ಒಂದು ಗೋಡೆ ಕ್ಯಾಲೆಂಡರ್ ಇಟ್ಟಿದ್ದರು. ಹಳೆಯ ಪಿಕಪ್ಪು ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಹೋದ ವರ್ಷದ ಹಾಳೆಗಳನ್ನೆಲ್ಲ ಕೂತು ಓದಿದೆ. ಹುಲ್ಲಿಗೆ, ನಾಲ್ಕು ಮೈಲಿ. ಮೇವಿನ ಅಂಗಡಿಗೆ, ಆರು ಮೈಲಿ. ಪಶುವೈದ್ಯರಲ್ಲಿಗೆ, ಹನ್ನೊಂದು ಮೈಲಿ. ಮತ್ತೆ ಹುಲ್ಲಿಗೆ. ವರ್ಷದಲ್ಲಿ ದೂರದ ಪ್ರಯಾಣ ಎಂದರೆ ಮೂರು. ಚಳಿಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತಲ್ಲೇ ನಿಂತಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನಾಲ್ಕು ಮೈಲಿ ಹೋಗಿ ನಿಲ್ಲಿಸೋದಾ? ಬಿಸಿನೇ ಆಗಿರಲ್ಲ ಅದು" ಎಂದರು. ಲೋಟ ಮತ್ತೆ ಕೈಗೆತ್ತಿಕೊಂಡು, "ಆದ್ರೂ ಎಳೆಯೋ ಶಕ್ತಿ ಡೀಸೆಲ್ಲಿಗೇ ಕಣಮ್ಮ" ಎಂದು ಸೇರಿಸಿದರು.

ಆ ಮಾತು ಅಲ್ಲಿಗೆ ನಿಂತಿತ್ತು. ಡೀಲರ್ ಅಂಗಳದಲ್ಲಿ ಅದು ಮತ್ತೆ ಅಲುಗಾಡಿತು. ಅಲ್ಲಿ ಒಂದೇ ಮಾದರಿಯ, ಒಂದೇ ಬಣ್ಣದ ಎರಡು ಟ್ರಕ್ಕುಗಳು ಅಕ್ಕಪಕ್ಕ ನಿಂತಿದ್ದವು. ಒಂದು ಗ್ಯಾಸು, ಒಂದು ಡೀಸೆಲ್ಲು. ಸೇಲ್ಸ್‌ಮನ್ ಡೀಸೆಲ್ ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ ಎಂದು ಹೇಳುತ್ತಲೇ ಇದ್ದ. ಅಪ್ಪನಿಗೆ ಅವನ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲವಾದ್ದರಿಂದ ಅವರು ಬಾಗಿಲು ತೆರೆದು ಮುಚ್ಚಿ ನೋಡುತ್ತಿದ್ದರು. ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ್ದ ಹಳದಿ ಚೀಟಿ ತೋರಿಸಿ, "ಇದೇನು ಬರೆದಿದಾರೆ?" ಎಂದು ಕೇಳಿದರು.

ಜನ, ಸಾಮಾನು ಎಲ್ಲ ಸೇರಿ ಈ ಗಾಡಿ ತನ್ನ ಮೈಮೇಲೆ ಎಷ್ಟು ತೂಕ ಹೊರಬಹುದು ಎಂಬ ಲೆಕ್ಕ ಅದು. ಡೀಸೆಲ್ಲಿನ ಚೀಟಿಯಲ್ಲಿ ಎರಡು ಸಾವಿರದ ಚಿಲ್ಲರೆ ಪೌಂಡ್ ಇತ್ತು. ಪಕ್ಕದ ಗ್ಯಾಸ್ ಟ್ರಕ್ಕಿನಲ್ಲಿ ಮೂರು ಸಾವಿರದ ಮೇಲೆ.

"ಎರಡೂ ಒಂದೇ ಗಾಡಿ. ಡೀಸೆಲ್ಲು ಯಾಕೆ ಕಮ್ಮಿ ಹೊರುತ್ತೆ?" ಎಂದೆ.

ಅಪ್ಪ ಹಿಂದೆ ಹೋಗಿ ಚಕ್ರದ ಮೇಲಿನ ಸ್ಪ್ರಿಂಗುಗಳನ್ನು ನೋಡಿದರು. ಇನ್ನೊಂದರದ್ದನ್ನೂ ನೋಡಿದರು. ಎದ್ದು ಕೈ ಒರೆಸಿಕೊಂಡರು.

"ಸ್ಪ್ರಿಂಗು ಎರಡಕ್ಕೂ ಒಂದೇ, ಎಂಜಿನ್ನೇ ಅಷ್ಟು ತೂಕ. ಹೊರೋ ಶಕ್ತೀಲಿ ಒಂದು ಪಾಲು ತನ್ನನ್ನೇ ಹೊರೋಕೆ ಹೋಯ್ತಲ್ಲ. ನಿಮ್ಮ ಕುದುರೆಗಾಡಿ ಕತ್ತು ಟ್ರಕ್ಕಿನ ಮೇಲೆ ಕೂರುತ್ತೆ ಅಂದ್ಯಲ್ಲ, ಅದರ ಭಾರ ಎಷ್ಟು ಬೀಳುತ್ತೆ?"

ನಾನು ಓದಿದ್ದೆ. ಆ ಜಾತಿಯ ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಕಾಲು ಭಾಗ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಟ್ರೇಲರು, ಮೂರು ಕುದುರೆ, ಜೀನು, ಹುಲ್ಲು ಎಲ್ಲ ಸೇರಿ ಹತ್ತು ಸಾವಿರ ಪೌಂಡ್ ಎಂದುಕೊಂಡರೆ ಎರಡೂವರೆ ಸಾವಿರ ಅಲ್ಲಿಗೇ ಆಯಿತು. ಟ್ರಕ್ಕಿನೊಳಗೆ ಕೂರುವ ನಾವು ಬೇರೆ. ಡೀಸೆಲ್ ಎಳೆಯುತ್ತಿತ್ತು, ಆದರೆ ಹೊರುತ್ತಿರಲಿಲ್ಲ. ಸೇಲ್ಸ್‌ಮನ್‌ಗೆ ಇದನ್ನು ಹೇಳಿದರೆ, ಹಾಗಾದರೆ ಇದಕ್ಕಿಂತ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ ಎಂದ. ನಮ್ಮ ಶನಿವಾರದ ಸ್ವಯಂಸೇವಕರಲ್ಲಿ ಅರ್ಧದಷ್ಟು ಜನ ಹಳೆಯ ಪಿಕಪ್ಪು ಓಡಿಸುವುದಕ್ಕೇ ಹೆದರುತ್ತಿದ್ದರು.

ಕಾರಿನಲ್ಲಿ ವಾಪಸು ಬರುವಾಗ ಅಪ್ಪ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದರು. ನೋವೈ ದಾಟಿದ ಮೇಲೆ ಹೇಳಿದರು.

"ಪೆಟ್ರೋಲೇ ತಗೊಳ್ಳಿ."

"ನೀವೇನಾ ಹೇಳ್ತಿರೋದು?"

"ದಿನಕ್ಕೆ ಮುನ್ನೂರು ಮೈಲಿ ಓಡೋದಾದ್ರೆ ನಾನು ಬಿಡ್ತಿರಲಿಲ್ಲ. ಇದು ಹುಲ್ಲು ತರೋ ಗಾಡಿ ಕಣಮ್ಮ. ಆ ಎಂಜಿನ್ನು ತಂದು ನಿಲ್ಲಿಸಿದ್ರೆ, ಅದಕ್ಕೂ ಕಷ್ಟ, ನಿಮಗೂ ಕಷ್ಟ."

ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ನೋವಿತ್ತು. ಜೀವಮಾನವೆಲ್ಲ ಕೈಯಲ್ಲಿ ಹಿಡಿದ ವಸ್ತು ತಾವು ಕಾಣದ ಕಡೆ ಬೇರೆಯೇ ಆಗಿ ಬೆಳೆದಿತ್ತು. ಆದರೆ ಆ ವಾರವೆಲ್ಲ ಅವರ ಕುತೂಹಲ ಆ ನೋವಿಗಿಂತ ದೊಡ್ಡದಾಗಿತ್ತು. ಯೂರಿಯಾ ಹೊಗೆಯನ್ನು ಹೇಗೆ ತೊಳೆಯುತ್ತದೆ ಎಂದು ನನ್ನ ಕೈಲಿ ಓದಿಸಿ, ಅರ್ಥ ಕೇಳಿ, ಮತ್ತೆ ಓದಿಸಿದರು.

ಧಾರವಾಡದವರಿಗೆ ಫೋನಿನಲ್ಲಿ ತಿಳಿಸಿದಾಗ ಅವರು ಬೇಜಾರು ಮಾಡಿಕೊಂಡರು. "ನಿಮ್ಮ ಇಷ್ಟರಿ. ಚಿಕಾಗೋ ಹಾದಿಯೊಳಗ ಗಾಳಿ ಎದುರ ಬಂದಾಗ ನನ್ನ ನೆನಸ್ಕೋತೀರಿ ನೋಡ್ರಿ" ಎಂದರು.

ಕಮಿಟಿ ನನ್ನ ಮಾತು ಒಪ್ಪಿತು. ಜೂನ್ ಎರಡನೆಯ ವಾರ ಬಿಳಿ ಬಣ್ಣದ ಗ್ಯಾಸ್ ಟ್ರಕ್ಕಿಗೆ ಖಾಲಿ ಟ್ರೇಲರ್ ಕಟ್ಟಿಕೊಂಡು ಬೆಳಿಗ್ಗೆ ಹೊರಟೆವು. ಡೈರೆಕ್ಟರ್ ಸ್ಟೀರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ಅಪ್ಪ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚಪಾತಿ ಡಬ್ಬಿ.

ಕಲಾಮಜೂ ದಾಟುವಷ್ಟರಲ್ಲಿ ಧಾರವಾಡದವರನ್ನು ನೆನೆಸಿಕೊಂಡೆ. ಪಡುವಣ ಗಾಳಿ ನೇರ ಮುಖಕ್ಕೆ ಬೀಸುತ್ತಿತ್ತು. ಟ್ರೇಲರ್ ಖಾಲಿಯಿದ್ದರೂ ಅದರ ಎತ್ತರದ ಗೋಡೆ ಗಾಳಿಯನ್ನು ತಡೆದು ನಿಲ್ಲಿಸುತ್ತಿತ್ತು. ಗ್ಯಾಸಿನ ಮುಳ್ಳು ನೋಡುತ್ತಿದ್ದ ಹಾಗೇ ಇಳಿಯುತ್ತಿತ್ತು. ಚಿಕಾಗೋ ಮುಟ್ಟುವ ಹೊತ್ತಿಗೆ ಎರಡು ಸಲ ತುಂಬಿಸಿದ್ದೆವು. ಖಾಲಿ ಟ್ರೇಲರ್ ಆದ್ದರಿಂದ ಡೈರೆಕ್ಟರ್ ಎರಡೂ ಸಲ ಹೆದ್ದಾರಿಯ ದೊಡ್ಡ ಟ್ರಕ್ ಸ್ಟಾಪಿನಲ್ಲಿ ಅದನ್ನು ಬಿಚ್ಚಿ ನಿಲ್ಲಿಸಿ, ಟ್ರಕ್ಕನ್ನಷ್ಟೇ ಪಂಪಿಗೆ ಒಯ್ದರು. ಯಾಕೆ ಹಾಗೆ ಮಾಡಿದರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ರಾತ್ರಿ ಮೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಫಾರಂಗೆ ಹೋದೆವು. ಮುಚ್ಚುತ್ತಿರುವ ಫಾರಂ. ಅರ್ಧ ಲಾಯ ಆಗಲೇ ಬರಿದಾಗಿತ್ತು. ಕೊಡುತ್ತಿದ್ದ ದಂಪತಿ ಎರಡೂ ಕುದುರೆಗಳ ಮೈ ಉಜ್ಜಿ ಹೊಳೆಯುವಂತೆ ಮಾಡಿದ್ದರು. ಒಂದು ಕಂದು ಗಂಡು, ಒಂದು ಬೂದು ಬಣ್ಣದ ಹೆಣ್ಣು. ಗಂಡು ತಾನೇ ಹತ್ತಿತು. ಹೆಣ್ಣು ಮೆಟ್ಟಿಲ ಹತ್ತಿರ ನಿಂತು ಯಜಮಾನಿಯ ಭುಜಕ್ಕೆ ಮೂತಿ ಒತ್ತಿತು. ಆಕೆ ಅದರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಹತ್ತಿತು. ಟ್ರೇಲರಿನ ಬಾಗಿಲು ಹಾಕಿದಾಗ ಆಕೆಯ ಗಂಡ ಲಾಯದ ಕಡೆ ತಿರುಗಿ ನಡೆದುಬಿಟ್ಟರು.

"ಬರುವಾಗ ನೀವು ಓಡಿಸಿ. ಅಭ್ಯಾಸ ಆಗಲಿ" ಎಂದು ಡೈರೆಕ್ಟರ್ ಕೀಲಿ ನನಗೆ ಕೊಟ್ಟರು.

ಎರಡು ಜೀವಗಳು ಹಿಂದೆ ನಿಂತಿವೆ ಎಂಬ ಅರಿವೇ ಬೇರೆ. ಬ್ರೇಕನ್ನು ಮುಟ್ಟುವ ಮೊದಲು ಅವುಗಳ ಕಾಲು ನೆನಪಾಗುತ್ತಿತ್ತು. ಇಂಡಿಯಾನಾ ದಾಟಿ ಮಿಷಿಗನ್ ಹೊಕ್ಕ ಮೇಲೆ ಸಣ್ಣ ಸಣ್ಣ ಏರುಗಳು ಬಂದವು. ಒಂದು ಏರಿನಲ್ಲಿ ಎಂಜಿನ್ ಎರಡು ಗೇರ್ ಇಳಿಸಿ ಇದ್ದಕ್ಕಿದ್ದಂತೆ ಕಿರುಚಿಕೊಂಡಿತು. ನಾನು ಬೆಚ್ಚಿ ಕಾಲು ತೆಗೆದೆ.

"ತೆಗೀಬೇಡ, ತೆಗೀಬೇಡ" ಎಂದರು ಅಪ್ಪ ಹಿಂದಿನಿಂದ. ಮುಂದಕ್ಕೆ ಬಾಗಿ ಕಿವಿಗೊಟ್ಟಿದ್ದರು. "ಅದರ ಸ್ವಭಾವ ಅದು. ಡೀಸೆಲ್ಲು ಗೊಣಗಿಕೊಂಡು ಹತ್ತುತ್ತೆ, ಇದು ಕೂಗಿಕೊಂಡು ಹತ್ತುತ್ತೆ. ಬಿಸಿ ಮುಳ್ಳು ನೋಡು, ಅಲ್ಲಾಡ್ತಿದ್ಯಾ?"

"ಇಲ್ಲ."

"ಹಾಗಾದ್ರೆ ಕೂಗಲಿ ಬಿಡು."

ಬೆಂಟನ್ ಹಾರ್ಬರ್ ಹತ್ತಿರ ಗ್ಯಾಸು ಕಾಲು ಭಾಗಕ್ಕೆ ಇಳಿದಿತ್ತು. ಎಕ್ಸಿಟ್ಟಿನಲ್ಲಿ ಕಂಡ ಮೊದಲ ಬಂಕಿಗೆ ತಿರುಗಿಸಿದೆ. ತಿರುಗಿಸಿದ ಮೇಲೆ ನನ್ನ ತಪ್ಪು ಕಂಡಿತು. ಅಲ್ಲಿ ಡೀಸೆಲ್ ಪಂಪುಗಳು ಪಕ್ಕದಲ್ಲಿ ವಿಶಾಲವಾದ ಜಾಗದಲ್ಲಿದ್ದವು, ದೊಡ್ಡ ಲಾರಿಗಳು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಗುವ ಹಾಗೆ. ಗ್ಯಾಸ್ ಪಂಪುಗಳಿದ್ದದ್ದು ಕಾರುಗಳಿಗಾಗಿ ಮಾಡಿದ ಇಕ್ಕಟ್ಟಿನ ಸೂರಿನಡಿ. ಟ್ರಕ್ಕು ಪಂಪಿಗೆ ತಲುಪುವ ಮೊದಲೇ ಟ್ರೇಲರಿನ ಬಾಲ ಬಂಕಿನ ಪ್ರವೇಶವನ್ನೇ ಮುಚ್ಚಿತ್ತು. ಮುಂದೆ ಒಂದು ಸಾಲು ಕಾರು, ಹಿಂದೆ ಒಂದು ಸಾಲು. ಪಂಪಿನ ಕಂಬ ನನ್ನ ಬಲಗನ್ನಡಿಯಿಂದ ಒಂದು ಗೇಣು.

ಕುದುರೆಗಳಿದ್ದದ್ದರಿಂದ ಟ್ರೇಲರ್ ಬಿಚ್ಚುವ ಹಾಗಿರಲಿಲ್ಲ. ಹಿಂದಕ್ಕೇ ಹೋಗಬೇಕು. ನಾನು ಡೈರೆಕ್ಟರ್ ಮುಖ ನೋಡಿದೆ.

"ನಾನು ಮಾಡಬಲ್ಲೆ" ಎಂದರು ಆಕೆ ಶಾಂತವಾಗಿ, "ಆದರೆ ಮುಂದಿನ ಸಲ ನಾನು ಇರಲ್ಲ. ಸ್ಟೀರಿಂಗಿನ ಕೆಳತುದಿಯಲ್ಲಿ ಕೈಯಿಡಿ. ಕೈ ಯಾವ ಕಡೆ ಹೋಗುತ್ತೋ ಟ್ರೇಲರಿನ ಬಾಲ ಆ ಕಡೆ ಹೋಗುತ್ತೆ. ನಿಧಾನ."

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಅಪ್ಪ ಇಳಿದಿದ್ದರು. ಕನ್ನಡಿಯಲ್ಲಿ ನೋಡುತ್ತೇನೆ, ಸ್ವೆಟರ್ ತೊಟ್ಟ ಅಪ್ಪ ಕಾರುಗಳ ಸಾಲಿನ ಎದುರು ನಿಂತು ಎರಡೂ ಕೈ ಎತ್ತಿದ್ದಾರೆ. ಮೊದಲ ಕಾರಿನವಳಿಗೆ ಹಿಂದೆ ಹೋಗು ಎಂದು ಸನ್ನೆ ಮಾಡಿದರು. ಅವಳು ಹೋದಳು. ಅವಳ ಹಿಂದಿನವನೂ ಹೋದ. ಆಮೇಲೆ ಟ್ರೇಲರಿನ ಮೈಯನ್ನು ಅಂಗೈಯಲ್ಲಿ ಎರಡು ಸಲ ಬಡಿದರು.

"ಬಾ... ಬಾ... ಬಾ... ಲೆಫ್ಟ್ ಕಟ್ ಮಾಡು... ಇನ್ನೂ ಕಟ್ಟು... ಬಾ... ಹೋಲ್ಡಾನ್!"

ಇಡೀ ಬಂಕಿಗೆ ಕೇಳುವ ದನಿ. ಆ ದನಿಯನ್ನು ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಡಿಪೋದಲ್ಲಿ, ನಲವತ್ತು ಬಸ್ಸುಗಳ ನಡುವೆ ಒಂದು ಬಸ್ಸನ್ನು ಹಿಂದಕ್ಕೆ ತೆಗೆಸುವಾಗಿನ ದನಿ ಇರಬೇಕು. ಒಳಗೆ ಒಂದು ಕುದುರೆ ಕೆನೆಯಿತು. ಮೊದಲ ಸಲ ಬಾಲ ತಪ್ಪು ಕಡೆ ಹೋಯಿತು. ಮುಂದೆ ಬಂದೆ. ಎರಡನೆಯ ಸಲವೂ ಹೋಯಿತು. ಮೂರನೆಯ ಸಲ ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿ ಗಟ್ಟಿಯಾಗಿ ಇಟ್ಟುಕೊಂಡು, ಕಣ್ಣಿಗೆ ಕಾಣುವುದನ್ನು ಬಿಟ್ಟು ಕಿವಿಗೆ ಕೇಳುವುದನ್ನೇ ನಂಬಿ ಬಂದೆ.

"ರೈಟ್... ರೈಟ್... ರೈಟ್... ಸಾಕು! ಇನ್ನು ನೇರ!"

ಟ್ರೇಲರ್ ರಸ್ತೆಗೆ ಹೊರಳಿತು. ಕಾಯುತ್ತಿದ್ದ ಕಾರಿನವಳು ಕಿಟಕಿ ಇಳಿಸಿ ಅಪ್ಪನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಅಪ್ಪ ಅವಳಿಗೆ ಕೈಮುಗಿದರು. ಒಳಗೆ ಬಂದು ಕೂತಾಗ ಅವರ ಕೆನ್ನೆ ಕೆಂಪಾಗಿತ್ತು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

"ನಿಮ್ಮ ತಂದೆ ಹೇಳಿದ್ದು ನನಗೂ ಪೂರ್ತಿ ಅರ್ಥವಾಯ್ತು" ಎಂದರು ಕನ್ನಡದ ಒಂದಕ್ಷರವೂ ಬಾರದ ಡೈರೆಕ್ಟರ್.

ಆರು ಮೈಲಿ ಮುಂದೆ, ಕ್ಯಾಂಪರುಗಳಿಗೆಂದೇ ಅಗಲವಾದ ಜಾಗ ಬಿಟ್ಟಿದ್ದ ಟ್ರಕ್ ಸ್ಟಾಪಿನಲ್ಲಿ ಗ್ಯಾಸು ತುಂಬಿಸಿಕೊಂಡೆವು. ನಾನು ಎರಡು ತಿಂಗಳು ಓದಿದ್ದೆ. ಎಳೆಯುವ ಶಕ್ತಿ, ತೂಕ, ಚಳಿ, ಫಿಲ್ಟರು, ಯೂರಿಯಾ ಎಲ್ಲ ಗೊತ್ತಾಗಿತ್ತು. ಗ್ಯಾಸ್ ಟ್ರಕ್ಕಿಗೆ ಉದ್ದನೆಯ ಟ್ರೇಲರ್ ಕಟ್ಟಿಕೊಂಡರೆ ಪಂಪಿನ ಹತ್ತಿರ ಹೋಗುವುದೇ ಕಷ್ಟ ಎಂದು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಗೆ ಬಂದು ಧಾರವಾಡದವರಿಗೆ ಇದನ್ನು ಹೇಳಿದಾಗ ಅವರು ಒಂದು ನಿಮಿಷ ನಕ್ಕರು. "ಖರೇ ಹೇಳಬೇಕಂದ್ರ ನನಗೂ ಗೊತ್ತಿರ್ಲಿಲ್ರಿ ಅಕ್ಕಾರ. ನಾ ಯಾವತ್ತೂ ಆ ಕಡೆ ಹೋಗಿಲ್ಲಲ್ಲ" ಎಂದರು.

ಸಂಜೆ ಆರಕ್ಕೆ ಲಾಯ ಮುಟ್ಟಿದೆವು. ಕಂದು ಗಂಡು ಇಳಿದು ನೇರವಾಗಿ ನೀರಿನ ತೊಟ್ಟಿಗೆ ಹೋಯಿತು. ಬೂದು ಹೆಣ್ಣು ಇಳಿಯಲೊಲ್ಲದು. ಡೈರೆಕ್ಟರ್ ಎಳೆಯಲಿಲ್ಲ, ಕರೆಯಲೂ ಇಲ್ಲ. ಬಾಗಿಲು ತೆರೆದಿಟ್ಟು, "ಅದಕ್ಕೆ ಯೋಚನೆ ಮಾಡಲು ಹೊತ್ತು ಬೇಕು" ಎಂದು ಬಕೆಟ್ ಬೋರಲು ಹಾಕಿ ಕೂತರು. ಅಪ್ಪನೂ ಇನ್ನೊಂದು ಬಕೆಟ್ ಮೇಲೆ ಕೂತರು. ಜೀವಮಾನದಲ್ಲಿ ಅಷ್ಟು ಹತ್ತಿರದಿಂದ ಕುದುರೆ ನೋಡಿದ್ದು ಅವರಿಗೆ ಅದೇ ಮೊದಲು. ಮುಕ್ಕಾಲು ಗಂಟೆ ಕಳೆದ ಮೇಲೆ ಅದು ಒಂದು ಕಾಲು ಕೆಳಗಿಟ್ಟು, ಹುಲ್ಲಿನ ವಾಸನೆ ನೋಡಿ, ಇಳಿದು ಬಂತು.

ಇದಾಗಿ ಎರಡು ವರ್ಷ ದಾಟಿದೆ. ಅಪ್ಪ ಆ ಅಕ್ಟೋಬರಿನಲ್ಲಿ ಮೈಸೂರಿಗೆ, ನನ್ನ ತಮ್ಮನ ಮನೆಗೆ ಮರಳಿದರು. ಟ್ರಕ್ಕು ಎರಡು ಚಳಿಗಾಲ ಕಂಡಿದೆ. ವಾರಗಟ್ಟಲೆ ಹಿಮದಲ್ಲಿ ನಿಂತು, ಕೀಲಿ ತಿರುಗಿಸಿದ ಕೂಡಲೇ ಎದ್ದು ಹುಲ್ಲಿಗೆ ಹೋಗಿ ಬರುತ್ತದೆ. ಈಗ ನಮ್ಮ ಕೇಂದ್ರ ಬೇಸಿಗೆಯಲ್ಲಿ ಚಿಕಾಗೋ ಕಡೆಯ ಒಂದು ಶಿಬಿರಕ್ಕೂ ಕುದುರೆಗಳನ್ನು ಒಯ್ಯತೊಡಗಿದೆ. ಮೊದಲು ಒಂದು ಸಲ, ಈ ವರ್ಷ ನಾಲ್ಕು ಸಲ. ದೂರದ ಪ್ರಯಾಣ ಹೀಗೇ ಹೆಚ್ಚುತ್ತಾ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಮೊನ್ನೆ ಕಮಿಟಿಯಲ್ಲಿ ಯಾರೋ, ಆಗ ಡೀಸೆಲ್ಲೇ ತೆಗೆದುಕೊಳ್ಳಬೇಕಿತ್ತೋ ಏನೋ ಎಂದರು. ನನಗೆ ಸಿಟ್ಟು ಬರಲಿಲ್ಲ. ಆಗ ನಮಗಿದ್ದ ದಾರಿಗೆ ಆಗಿನ ಉತ್ತರ ಸರಿಯಾಗಿತ್ತು, ದಾರಿ ಬದಲಾದರೆ ಮತ್ತೆ ಕೂತು ನೋಡೋಣ ಎಂದೆ. ನಿಜ ಹೇಳಬೇಕೆಂದರೆ, ಮತ್ತೆ ನೋಡುವ ನೆಪ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಯಾಯಿತು.

ಬೂದು ಕುದುರೆಯ ಮೇಲೆ ಈಗ ಹೆಚ್ಚಾಗಿ ಕೂರುವವರು ನನ್ನ ಪೇಶೆಂಟ್ ಒಬ್ಬರು. ಮೂವತ್ತೆಂಟು ವರ್ಷದ ಟೀಚರ್. ಪಾರ್ಶ್ವವಾಯುವಿನಿಂದ ಎಡಭಾಗ ಬಿದ್ದುಹೋಗಿತ್ತು. ಕ್ಲಿನಿಕ್ಕಿನಲ್ಲಿ ಎಷ್ಟು ಮಾಡಿಸಿದರೂ ಅವರ ಎಡ ಸೊಂಟ ಮುಂದಕ್ಕೆ ಬರುತ್ತಿರಲಿಲ್ಲ. ಮೊದಲ ದಿನ ಕುದುರೆಯ ಮೇಲೆ ಕೂತಾಗ ಹೆದರಿ ಎರಡು ನಿಮಿಷಕ್ಕೇ ಇಳಿಸಿ ಎಂದಿದ್ದರು. ಹೋದ ಶನಿವಾರ ಪೂರ್ತಿ ಅರ್ಧ ಗಂಟೆ ಕೂತರು. ಕುದುರೆ ಹೆಜ್ಜೆ ಹಾಕಿದ ಹಾಗೆಲ್ಲ ಅವರ ಸೊಂಟ ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ ತಾನಾಗಿ ತೂಗುತ್ತಿತ್ತು, ನಡೆಯುವವರ ಸೊಂಟದ ಹಾಗೆ. ನಾನು ಅವರ ಎಡಗಾಲಿನ ಪಕ್ಕದಲ್ಲಿ ನಡೆಯುತ್ತಾ ಒಂದು ಕೈಯನ್ನು ಅವರ ಬೆನ್ನಿನ ಹಿಂದೆ, ತಾಗದಂತೆ ಹಿಡಿದಿದ್ದೆ.

"ಹಿಡ್ಕೊಂಡಿದೀರಾ?" ಎಂದು ಕೇಳಿದರು, ಮುಂದೆಯೇ ನೋಡುತ್ತಾ.

"ಇಲ್ಲ" ಎಂದೆ.

ಅವರು ಇನ್ನೊಂದು ಸುತ್ತು ಹೋಗೋಣ ಎಂದು ಕೈ ಬೀಸಿದರು.